ಹೊರದೇಶದ ಸಭೆಗಳಲ್ಲಿ ಕನ್ನಡನಾಡಿನ ಮಹಿಳೆಯರು

ಕ್ರಿ. ಶ. ೧೯೨೯ರಿಂದ ೧೯೩೨ರ ವರೆಗಿನ ಅಲ್ಪಾವಧಿಯಲ್ಲಿ ಕನ್ನಡನಾಡಿನಲ್ಲಿ ಜನಿಸಿದ ಮೂವರು ಮಹಿಳೆಯರು ಪರದೇಶದ ರಾಜಕೀಯ ಸಭೆಗಳಲ್ಲಿ ಭರತಖಂಡದ ಸ್ತ್ರೀಯರ ವಿಚಾರವಾಗಿ ಮಾತನಾಡುವ ಪ್ರಸಂಗವೊದಗಿತು. ಇವರಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಸರ್ವವಿದಿತವಾದುದು. ಧನವಂತಿ ರಾಮರಾಯರನ್ನು ಕೆಲವರು ಬಲ್ಲರು. ರಾಧಾಬಾಯಿ ಸುಬ್ಬರಾಯನ್ನರನ್ನಂತೂ ಕನ್ನಡದ ಚರಿತ್ರಕಾರರು ಬಹುಮಟ್ಟಿಗೆ ಮರೆತಿರುವರು. ಈ ಮರೆವು ನಿಷ್ಕಾರಣವಾದುದಲ್ಲ.

ಕಮಲಾದೇವಿಯವರು ೧೯೦೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿಯೇ ವೈಧವ್ಯವನ್ನು ಕಂಡು, ಪುನರ್ವಿವಾಹವಾಗಿ, ೧೯೨೬ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. ೧೯೨೯ರ ಜೂನಿನಲ್ಲಿ ಸ್ತ್ರೀಮತಾಧಿಕಾರದ ಅಂತರರಾಷ್ಟ್ರೀಯ ಒಕ್ಕೂಟವು ಬರ್ಲಿನ್ನಿನಲ್ಲಿ ತನ್ನ ಇಪ್ಪತ್ತೈದನೆಯ ವರ್ಷದ ಮಹಾಸಭೆಯನ್ನು ನಡೆಯಿಸಿದಾಗ ಅಲ್ಲಿಗೆ ಹೋದ ಅವರಿಗೆ ವಯಸ್ಸು ಇಪ್ಪತ್ತಾರು. ಅಲ್ಲಿಂದ ಫ್ರಾಂಕ್‌ಫರ್ಟಿನ ಸಾಮ್ರಾಜ್ಯವಿರೋಧಿ ಸಂಘದ ಸಮ್ಮೇಳನಕ್ಕೂ ಹೋದರು. ಸ್ತ್ರೀಯ ಮತಾಧಿಕಾರ, ದೇಶದ ಸ್ವಾತಂತ್ರ್ಯ, ಇವೆರಡನ್ನೂ ಒಂದೇ ಪ್ರಶ್ನೆಯೆಂದು ತಿಳಿದವರಿಗೆ ಈ ಎರಡು ಸಭೆಗಳ ನಡುವಣ ದಾರಿ ದೂರವೆನಿಸಲಾರದು.

ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಬೇರೊಂದು ಬಗೆಯ ಸಭೆ ಸೇರಿತು. ಕ್ಯಾಥರೀನ್ ಮೇಯೋ ಎಂಬಾಕೆಯ ೧೯೨೭ರ ಗ್ರಂಥವನ್ನೋದಿ ಕಳವಳಗೊಂಡ ಪಾರ್ಲಿಮೆಂಟಿನ ಸದಸ್ಯೆ ಎಲಿನರ್ ರಾತ್‌ಬೋನ್ ಅದನ್ನು ಕರೆದಿದ್ದರು. ವಿಷಯವು ಭಾರತೀಯ ಸ್ತ್ರೀಯರ ದುಃಸ್ಥಿತಿ. ಹುಬ್ಬಳ್ಳಿಯಲ್ಲಿ ೧೮೯೩ರಲ್ಲಿ ಕಾಶ್ಮೀರೀ ಮನೆತನದಲ್ಲಿ ಹುಟ್ಟಿದ ಧನವಂತಿಯವರು ಅಲ್ಲಿ ಎದ್ದುನಿಂತು, ಭರತಖಂಡದ ಸಾಮಾಜಿಕ ದೋಷಗಳನ್ನು ಕುರಿತು ಲಂಡನ್ನಿನಲ್ಲಿ ಸಮ್ಮೇಳನ ಹೂಡಲು ಆಂಗ್ಲ ಮಹಿಳೆಯರಿಗೆ ಇರುವ ಹಕ್ಕೇನೆಂದು ಆಕ್ಷೇಪಿಸಿದರು. ದೋಷಗಳಿಲ್ಲವೆಂದು ಸಾಧಿಸುವುದು ಅವರ ಉದ್ದೇಶವಾಗಿರಲಿಲ್ಲ. ಮಾತನಾಡತಕ್ಕವರು ಯಾರೆಂಬುದೇ ವಾದಾಂಶವಾಗಿದ್ದಿತು.

ಈ ವಾದಾಂಶವೇ ರಾಧಾಬಾಯಿಯವರಿಗೆ ಪ್ರತಿಕೂಲವಾಗಿ ಪರಿಣಮಿಸಿತು. ದಲಿತೋದ್ಧಾರಕ್ಕಾಗಿ ೧೮೯೭ರಲ್ಲಿ ಮಂಗಳೂರಿನಲ್ಲಿ ಸಂಸ್ಥೆಯನ್ನು ಕಟ್ಟಿದ ಕುದ್ಮುಲ್ ರಂಗರಾಯರ ಮಗಳು ಈಕೆ, ಪತಿ ಡಾ. ಪಿ. ಸುಬ್ಬರಾಯನ್ನರು ಮದರಾಸಿನ ಮುಖ್ಯಮಂತ್ರಿಗಳಾಗಿದ್ದವರು. ೧೯೩೦ರ ನವೆಂಬರಿನಲ್ಲಿ ನೆರೆದ ಮೊದಲನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಸ್ತ್ರೀಪ್ರತಿನಿಧಿಗಳು ಇಬ್ಬರೇ, ಬೇಗಂ ಷಾ ನವಾಜರೂ ಇವರೂ. ಕಾಂಗ್ರೆಸ್ಸು ಪರಿಷತ್ತನ್ನು ಬಹಿಷ್ಕರಿಸಿದ್ದಿತು. ಈ ಇಬ್ಬರಾದರೋ ಸರ್ಕಾರದ ನಾಮನಿರ್ದೇಶದಿಂದ ಹೋದವರು. ಶಾಸನಸಭೆಗಳಲ್ಲಿ ಕೆಲಕಾಲದ ಮಟ್ಟಿಗಾದರೂ ಸ್ತ್ರೀಯರಿಗೆ ಸ್ಥಾನಗಳನ್ನು ಕಾದಿರಿಸಬೇಕೆಂದು ಅವರು ಕೇಳಿದರು. ಕಮಲಾದೇವಿಯವರು ಹಿಂದೆ ಕಾರ್ಯದರ್ಶಿಯಾಗಿದ್ದ ಅಖಿಲ ಭಾರತ ಮಹಿಳಾ ಪರಿಷತ್ತೇ ಮೊದಲಾದ ಸಂಸ್ಥೆಗಳು ೧೯೩೧ರಲ್ಲಿ ಇದನ್ನು ನಿರಾಕರಿಸಿ, ವಯಸ್ಕ ಮತಾಧಿಕಾರವೊಂದೇ ಸಾಕು, ವಿಶೇಷಾನುಗ್ರಹ ಬೇಡವೆಂದವು.

ತತ್ತ್ವದೃಷ್ಟಿಯಿಂದ ಈ ನಿರಾಕರಣೆ ಉದಾತ್ತವಾದುದೇ ಸರಿ. ಆದರೆ ಆಸ್ತಿಯನ್ನಾಧರಿಸಿದ ಮತಾಧಿಕಾರದಲ್ಲಿ ಬ್ರಿಟಿಷ್ ಭರತಖಂಡದ ಸ್ತ್ರೀಮತದಾರರು ಸುಮಾರು ೩ ಲಕ್ಷ ಮಾತ್ರವಿದ್ದರೆಂಬುದನ್ನೂ ನೆನೆಯಬೇಕು. ಲೋಥಿಯನ್ನರ ಮತಾಧಿಕಾರ ಸಮಿತಿಯಲ್ಲಿ ರಾಧಾಬಾಯಿಯವರು ೧೯೩೨ರಲ್ಲಿ ಸದಸ್ಯೆಯಾಗಿದ್ದರು. ೧೯೩೫ರ ಶಾಸನದಿಂದ ಆ ಸಂಖ್ಯೆ ಸುಮಾರು ೬೦ ಲಕ್ಷಕ್ಕೇರಿತು, ಪ್ರಾಂತಗಳಲ್ಲಿ ಸ್ತ್ರೀಯರಿಗೆ ೪೧ ಸ್ಥಾನಗಳು ದೊರೆತವು. ಅವು ಮತಧರ್ಮಾನುಸಾರವಾಗಿ ಹಂಚಲ್ಪಟ್ಟುದರಿಂದ ವಿರೋಧಿಗಳು ಅಂಜಿದ್ದುದೂ ಸುಳ್ಳಾಗಲಿಲ್ಲ.

ಮೂವರಲ್ಲಿ ಯಾರೂ ಮೈಸೂರು ಸಂಸ್ಥಾನದವರಲ್ಲವೆಂಬುದು ಗಮನಾರ್ಹವಾದುದು. ೧೮೮೧ರಷ್ಟು ಹಿಂದೆಯೇ ಬಾಲಿಕೆಯರಿಗಾಗಿ ಮಹಾರಾಣಿಯವರ ಪಾಠಶಾಲೆ ಹುಟ್ಟಿದ ಊರಿಗೆ ವಿದ್ಯೆಯ ಕೊರತೆಯಿರಲಿಲ್ಲ. ಆದರೆ ಸಂಸ್ಥಾನಗಳ ಪರವಾಗಿ ಮಾತನಾಡುವುದು ದೊರೆಗಳಿಗೂ ದಿವಾನರಿಗೂ ಸೇರಿದ ಕೆಲಸ. ಮೈಸೂರಿನಿಂದ ಲಂಡನ್ನಿಗೆ ಹೋದವರು ಸರ್ ಮಿರ್ಜಾ ಇಸ್ಮಾಯಿಲರು.

೧೯೫೦ರ ರಾಜ್ಯಾಂಗವು ವಯಸ್ಕ ಮತಾಧಿಕಾರವನ್ನು ಅಂಗೀಕರಿಸಿ, ಶಾಸನಸಭೆಗಳಲ್ಲಿ ಸ್ತ್ರೀಸ್ಥಾನಗಳನ್ನು ಕಾದಿರಿಸದೆ ಬಿಟ್ಟಿತು. ರಾಧಾಬಾಯಿಯವರ ಬೇಡಿಕೆ ಮೊದಲು ಮರಳಿ ಬಂದುದು ಅವರ ನಾಡಿನಲ್ಲಿಯೇ: ಕರ್ನಾಟಕದ ೧೯೮೩ರ ಕಾಯಿದೆಯು ಪಂಚಾಯತಿಗಳಲ್ಲಿ ಶೇಕಡ ೨೫ರಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿತು. ಅದರಂತೆ ೧೯೮೭ರಲ್ಲಿ ಚುನಾವಣೆ ನಡೆದಾಗ ಕಮಲಾದೇವಿಯವರು ಇನ್ನೂ ಬದುಕಿದ್ದರು. ಲೋಕಸಭೆಗೂ ವಿಧಾನಸಭೆಗಳಿಗೂ ಮೂರನೆಯ ಒಂದು ಪಾಲನ್ನು ವಿಧಿಸಿದ ೧೦೬ನೆಯ ತಿದ್ದುಪಡಿ ಬಂದುದು ೨೦೨೩ರಲ್ಲಿ.