ಖುಲಾಸೆಯಾದ ಮೇಲೂ ಉಳಿಯುವ ಹಕ್ಕು

ವಕೀಲ, ಅರ್ಜಿ, ದಾವೆ, ಪಂಚನಾಮೆ, ನಕಲು, ಜಾಮೀನು. ಬೀದರಿನ ನ್ಯಾಯಾಲಯದಲ್ಲಿ ಈ ಮಾತುಗಳನ್ನು ಕೇಳಿದಾಗ ನಮಗೆ ನಿಜಾಮರ ಕಾಲದ ಉರ್ದು ಕಚೇರಿಗಳ ನೆನಪಾಗುತ್ತದೆ. ಬ್ರಿಟಿಷ್ ಇಂಡಿಯಾದ 1872ರ ಸಾಕ್ಷ್ಯ ಅಧಿನಿಯಮವು ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ್, ಭಾಲ್ಕಿ, ಔರಾದ್‌ಗಳಿಗೆ ವಿಸ್ತರಿಸಿದ್ದು 1951ರ ಏಪ್ರಿಲ್ 1ರಂದು.

ಆ ಕಾನೂನಿನ ಒಂದು ತತ್ವವನ್ನು ನಮ್ಮ ಜನ ಇಂದಿಗೂ ಸರಿಯಾಗಿ ತಿಳಿದಿಲ್ಲ. ಆರೋಪಿ ಖುಲಾಸೆಯಾದರೆ ಗಾಯಾಳುವಿನ ಪರಿಹಾರದ ಹಕ್ಕೂ ಮುಗಿಯಿತೆಂದು ಅನೇಕರು ಕೈಚೆಲ್ಲುತ್ತಾರೆ. ಶಿಕ್ಷೆಗೆ ಸಂಶಯಾತೀತ ಪುರಾವೆ ಬೇಕು. ಪರಿಹಾರಕ್ಕೆ ಯಾರ ಮಾತು ಹೆಚ್ಚು ಸಂಭವನೀಯ ಎಂಬುದೇ ಸಾಕು. ಆದ್ದರಿಂದ ಕ್ರಿಮಿನಲ್ ತೀರ್ಪು ಸಿವಿಲ್ ದಾವೆಯನ್ನು ತಾನಾಗಿ ತೀರ್ಮಾನಿಸದು. ಆದರೆ ಅಲ್ಲಿನ ಪಂಚನಾಮೆ, ಗಾಯದ ಪ್ರಮಾಣಪತ್ರಗಳನ್ನು ಇಲ್ಲಿಯೂ ಹಾಜರುಪಡಿಸಿ ರುಜುವಾತು ಮಾಡಬಹುದು. ಆರೋಪಿ ತಪ್ಪೊಪ್ಪಿಕೊಂಡಿದ್ದರೆ ಆ ಒಪ್ಪಿಗೆಯೂ ಅವನ ವಿರುದ್ಧ ಪುರಾವೆಯಾದೀತು. 1980ರಲ್ಲಿ ಎನ್.ಕೆ.ವಿ. ಬ್ರದರ್ಸ್ ಬಸ್ ಅಪಘಾತದ ಪ್ರಕರಣದಲ್ಲಿ ಚಾಲಕ ಖುಲಾಸೆಯಾಗಿದ್ದರೂ ಸುಪ್ರೀಂ ಕೋರ್ಟ್ ಪರಿಹಾರವನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಅದು.

ವಾಹನ ಅಪಘಾತಕ್ಕೆ ಪ್ರತ್ಯೇಕ ನ್ಯಾಯಮಂಡಳಿ ಇದೆ. ಗುಂಪು ಹಲ್ಲೆಗೆ? 2018ರ ಜುಲೈ 13ರಂದು ಔರಾದ್ ಭಾಗದ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಜನ ಹೈದರಾಬಾದಿನಿಂದ ಬಂದಿದ್ದವರ ಮೇಲೆ ಮುಗಿಬಿದ್ದರು. ಯುವ ಇಂಜಿನಿಯರ್ ಒಬ್ಬ ಸತ್ತ, ಜೊತೆಗಾರರು ಗಾಯಗೊಂಡರು, ತಡೆಯಹೋದ ಪೊಲೀಸರೂ ಪೆಟ್ಟು ತಿಂದರು. ನಾಲ್ಕು ದಿನಗಳ ಬಳಿಕ, ಮೊದಲೇ ವಿಚಾರಣೆಯಲ್ಲಿದ್ದ ಬೇರೆ ಅರ್ಜಿಗಳ ತೀರ್ಪಿನಲ್ಲಿ, ಗುಂಪು ಹಿಂಸೆಯ ಸಂತ್ರಸ್ತರಿಗೆ ಒಂದು ತಿಂಗಳೊಳಗೆ ಪರಿಹಾರ ಯೋಜನೆ ರೂಪಿಸುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು.

ಗುಂಪಿನಲ್ಲಿ ಯಾರ ಕೈಯ ಕಲ್ಲು ಯಾರಿಗೆ ತಗುಲಿತೆಂದು ಸಾಬೀತುಪಡಿಸುವುದು ಕಷ್ಟ. ಇದಕ್ಕೆಂದೇ 2009ರ ಡಿಸೆಂಬರ್ 31ರಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 357ಎ ಕಲಮು ಜಾರಿಗೆ ಬಂದಿದೆಯೇನೋ ಎನಿಸುತ್ತದೆ. ಆರೋಪಿ ಖುಲಾಸೆಯಾದರೂ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅಪರಾಧಿಯ ಪತ್ತೆಯೇ ಆಗದಿದ್ದರೆ ಸಂತ್ರಸ್ತರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. 2024ರ ಜುಲೈ 1ರಿಂದ ಇದು ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು.

ನಮ್ಮ ಜಿಲ್ಲೆಯ ಗಾಯಾಳುಗಳನ್ನು ಚಿಕಿತ್ಸೆಗೆ ಹೈದರಾಬಾದಿಗೆ ಒಯ್ಯುವುದು ವಾಡಿಕೆ. ಆಗ ಮೊಕದ್ದಮೆ ಇಲ್ಲಿ, ದಾಖಲೆ ಅಲ್ಲಿ. ಆಸ್ಪತ್ರೆಯ ಚೀಟಿ, ಎಫ್‌ಐಆರ್, ದೋಷಾರೋಪ ಪಟ್ಟಿಯ ದೃಢೀಕೃತ ನಕಲುಗಳನ್ನು ಮೊದಲ ದಿನದಿಂದಲೇ ಕೂಡಿಡಬೇಕು. ಅಪರಾಧಿಗೆ ಶಿಕ್ಷೆಯಾಗಲಿ ಎಂದು ನಾವೆಲ್ಲ ಬಯಸುತ್ತೇವೆ. ಆ ಶಿಕ್ಷೆಗಾಗಿ ಕಾಯುತ್ತಾ ಹಾಸಿಗೆ ಹಿಡಿದವನ ಅನ್ನದ ಪ್ರಶ್ನೆ ಮರೆತರೆ ಅದು ಎರಡನೆಯ ಅನ್ಯಾಯ.