ಎದೆಯುರಿಯ ಶಮನದ ಚರಿತ್ರೆ

ಉಂಡ ಅನ್ನವು ಹುಳಿತೇಗಾಗಿ ಮೇಲೆದ್ದು ಎದೆಯನ್ನು ಸುಡುವ ವ್ಯಾಧಿಯನ್ನು ನಮ್ಮ ಪ್ರಾಚೀನ ವೈದ್ಯರು ಆಮ್ಲಪಿತ್ತವೆಂದು ಕರೆದರು. ಕಾಶ್ಯಪಸಂಹಿತೆಯಲ್ಲಿಯೂ ಮಾಧವಕರನ ನಿದಾನಗ್ರಂಥದಲ್ಲಿಯೂ ಅದು ಸ್ವತಂತ್ರ ರೋಗವಾಗಿ ನಿರೂಪಿತವಾಗಿದೆ. ಔಷಧಕ್ಕೆ ಬಗ್ಗದಿದ್ದರೆ ರೋಗಿಯು ದೇಶತ್ಯಾಗವನ್ನೇ ಮಾಡತಕ್ಕದ್ದೆಂದು ಕಾಶ್ಯಪನು ವಿಧಿಸಿರುವುದನ್ನು ನೋಡಿದರೆ, ಈ ಉರಿಯು ಜನರನ್ನು ಎಷ್ಟು ಕಾಡಿದ್ದಿರಬೇಕೆಂಬುದು ತಾನಾಗಿಯೇ ವ್ಯಕ್ತವಾಗುತ್ತದೆ.

ಜಠರದೊಳಗಿನ ಹುಳಿಯು ಹೈಡ್ರೋಕ್ಲೋರಿಕ್ ಆಮ್ಲವೆಂದು ವಿಲಿಯಂ ಪ್ರೌಟನು ಲಂಡನ್ನಿನಲ್ಲಿ ಪ್ರಕಟಿಸಿದ್ದು 1824ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪುಳುಚರ್ಮದ ವ್ಯಾಪಾರದಲ್ಲಿ ದುಡಿಯುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಗುಂಡು ತಗಲಿ, ಗಾಯ ಮಾಯ್ದರೂ ಹೊಟ್ಟೆಯಲ್ಲಿ ರಂಧ್ರವು ಉಳಿದುಬಿಟ್ಟಿತು. ಸೈನ್ಯದ ವೈದ್ಯನಾದ ವಿಲಿಯಂ ಬ್ಯೂಮಾಂಟನು ಮಾಂಸ, ಹಳಸಿದ ರೊಟ್ಟಿ, ಹಸಿ ಕೋಸುಗಳ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗೆಳೆದು, ಯಾವುದು ಎಷ್ಟು ಕರಗಿತೆಂಬುದನ್ನು ಬರೆದಿಟ್ಟನು. ರೋಗಿಗೆ ಸಿಟ್ಟು ಬಂದಾಗ ಜಠರದ ಸ್ಥಿತಿ ಕೆಡುವುದನ್ನೂ ಕಣ್ಣಾರೆ ಕಂಡನು. 1833ರಲ್ಲಿ ಅಚ್ಚಾದ ಅವನ ಗ್ರಂಥಕ್ಕೆ ಸಂದ ಕೀರ್ತಿಯಲ್ಲಿ ಅರ್ಧವಾದರೂ ಆ ಬಡ ಕೂಲಿಗೆ ಸಲ್ಲಬೇಕಾಗಿತ್ತು. 1880ರಲ್ಲಿ ಅವನು ತೀರಿಕೊಂಡಾಗ, ವೈದ್ಯರ ಕೈಗೆ ಸಿಕ್ಕಬಾರದೆಂದು ಮನೆಯವರು ಶವವನ್ನು ಕೊಳೆಯಲು ಬಿಟ್ಟು, ಆಮೇಲೆ ಆಳವಾದ ಗುಂಡಿಯಲ್ಲಿ ಹೂಳಿದರು.

ಆಮ್ಲವೆಂದು ತಿಳಿದ ಮೇಲೆ ಕ್ಷಾರವನ್ನು ಕುಡಿಸುವುದು ಸಹಜವೇ ಆಯಿತು. ಮೆಗ್ನೀಷಿಯದ ಬಿಳಿಯ ದ್ರವ ಬಂದಿತು. 1915ರಲ್ಲಿ ಷಿಕಾಗೋದ ಸಿಪ್ಪಿ ಎಂಬ ವೈದ್ಯನು ಜಠರದ ಹುಣ್ಣಿನ ರೋಗಿಗಳಿಗೆ ಗಂಟೆಗಂಟೆಗೂ ಹಾಲುಕೆನೆಗಳನ್ನೂ ನಡುನಡುವೆ ಕ್ಷಾರದ ಪುಡಿಗಳನ್ನೂ ಕೊಡುವ ಪಥ್ಯವನ್ನು ಬಳಕೆಗೆ ತಂದನು. ಆದರೆ ಇವೆಲ್ಲವೂ ಸುರಿದುಹೋದ ಆಮ್ಲವನ್ನು ಹಿಂಬಾಲಿಸುವ ಉಪಾಯಗಳು. ಸುರಿಯೆಂದು ಜಠರಕ್ಕೆ ಅಪ್ಪಣೆ ಕೊಡುವವರು ಯಾರೆಂಬ ಪ್ರಶ್ನೆಯನ್ನು ಹಿಡಿದು ಹೊರಟ ಜೇಮ್ಸ್ ಬ್ಲ್ಯಾಕನೂ ಅವನ ಸಂಗಡಿಗರೂ ಶರೀರದಲ್ಲಿಯೇ ಹುಟ್ಟುವ ಹಿಸ್ಟಮೀನೆಂಬ ರಾಸಾಯನಿಕದ ಆ ಆಜ್ಞೆಯನ್ನು ತಡೆಯುವ ವಸ್ತುವಿಗಾಗಿ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಶ್ರಮಿಸಿದರು. ಫಲಕಾರಿಯೆಂದು ಕಂಡ ಮೆಟಿಯಮೈಡು ಕೆಲವರ ರಕ್ತದಲ್ಲಿ ಬಿಳಿಯ ಕಣಗಳನ್ನು ತಗ್ಗಿಸಿದುದರಿಂದ ಅದನ್ನು ಕೈಬಿಟ್ಟು, ಅಣುವಿನ ಒಂದು ಭಾಗವನ್ನು ಬದಲಿಸಿ, 1976ರಲ್ಲಿ ಸಿಮೆಟಿಡೀನನ್ನು ಹೊರತಂದರು. ಪರಿಹಾರವು ಕೈಗೆಟುಕಿದಂತೆ ಕಂಡಾಗಲೂ ರೋಗಿಯ ಕ್ಷೇಮಕ್ಕಾಗಿ ಹಿಂದೆ ಸರಿದ ಆ ವಿವೇಕವು ಬ್ಲ್ಯಾಕನಿಗೆ 1988ರಲ್ಲಿ ಸಂದ ನೊಬೆಲ್ ಪಾರಿತೋಷಕದಷ್ಟೇ ಗಣನೀಯವೆಂದು ನನ್ನ ಭಾವನೆ. ಅದೇ ವರ್ಷ ಸ್ವೀಡನ್ನಿನಿಂದ ಬಂದ ಒಮೆಪ್ರಜೋಲು ಆಮ್ಲವನ್ನು ಹೊರದೂಡುವ ಯಂತ್ರಕ್ಕೇ ಬೀಗವಿಕ್ಕಿತು. ಉಣ್ಣುವಾಗಲೇ ಆ ಯಂತ್ರವು ಎಚ್ಚರಗೊಳ್ಳುವುದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆಯೇ ನುಂಗಬೇಕು. ಉಂಡ ಮೇಲೆ ನುಂಗಿದವನಿಗೆ ಅದರ ಪೂರ್ಣ ಫಲವು ದಕ್ಕದು.

ಆದರೆ ಆಮ್ಲವು ಮೇಲೇರದಂತೆ ತಡೆಯಬೇಕಾದ, ಅನ್ನನಾಳದ ಕೆಳತುದಿಯ ಸಡಿಲವಾದ ಸ್ನಾಯುವನ್ನು ಈ ಮಾತ್ರೆಗಳು ಬಿಗಿಗೊಳಿಸಲಾರವು. ಆದಕಾರಣ ವೈದ್ಯರು ಇಂದಿಗೂ ಮಂಚದ ತಲೆಭಾಗವನ್ನು ಅರ್ಧ ಅಡಿಯಷ್ಟು ಎತ್ತರಿಸಲು, ರಾತ್ರಿಯೂಟಕ್ಕೂ ನಿದ್ರೆಗೂ ನಡುವೆ ಮೂರು ಗಂಟೆಯ ಅಂತರವಿಡಲು, ಬೊಜ್ಜನ್ನು ಕರಗಿಸಲು ಹೇಳುತ್ತಾರೆ. ಹಿರಿಯರು ಬಲ್ಲ ವಾಮಕುಕ್ಷಿಗೂ ಶರೀರರಚನೆಯ ಬೆಂಬಲವುಂಟು: ಎಡಕ್ಕೆ ಮಲಗಿದಾಗ ಜಠರವು ಅನ್ನನಾಳದ ಸಂಧಿಗಿಂತ ಕೆಳಗಿರುತ್ತದೆ. ಆದರೆ ಊಟವಾದೊಡನೆಯೇ ಹೀಗೆ ಒರಗುವ ರೂಢಿಯನ್ನು ಮಾತ್ರ ಎದೆಯುರಿಯುಳ್ಳವರು ಬಿಡುವುದು ಲೇಸು.