ತೊಟ್ಟಿಯ ನೀರು

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬರಿದುಮಾಡಿದರು. ಸೊಳ್ಳೆಗಳ ಕಾಟ ತಗ್ಗಿತು. ಸೇನಾಧಿಕಾರಿಗಳ ಭೋಜನಗೃಹದಲ್ಲೂ ಹಾಗೆಯೇ ಮಾಡೋಣವೆಂದಾಗ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳೂ ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾಗಿವೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಅವರ ವಾದ.

ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದಲ್ಲಿ ಅವರು ಮಲೇರಿಯಾದ ರೋಗಾಣುವನ್ನು ಕಂಡರು. 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

1990ರ ದಶಕದಿಂದ ಮಂಗಳೂರು ಇದೇ ಜ್ವರದಿಂದ ಬಹಳ ಬಳಲಿದೆ. ಬಿಕರ್ನಕಟ್ಟೆಯ ಬಾಲಯೇಸುವಿನ ಮುಂದೆ ರೋಗಿಗಳಿಗಾಗಿ ಮೊಣಕಾಲೂರುವ ನಾವು, ನಮ್ಮ ಅಂಗಳದಲ್ಲಿ ನಿಂತ ಮಳೆನೀರನ್ನೂ ಚೆಲ್ಲಬೇಕು. ದೇವರ ಚಿತ್ತವೆಂದು ಕೈಕಟ್ಟಿ ಕುಳಿತರೆ ಅದು ವಿಶ್ವಾಸವಲ್ಲ. ನಮ್ಮಲ್ಲಿ ಹುಟ್ಟಿದ ಸೊಳ್ಳೆ ನೆರೆಮನೆಯ ಮಗುವನ್ನೂ ಕಚ್ಚುತ್ತದೆ.